ಕುರುಕ್ಷೇತ್ರ ಅಂದರೆ ಸಾಕೆ?

ಕ್ಯಾಲಿಫೋರ್ನಿಯಾದಲ್ಲಿ ಮಗು ಎಂಟನೇ ತರಗತಿಗೆ ಬಂದರೆ ಅಮೆರಿಕದ ಅಂತರ್ಯುದ್ಧವೂ ಮನೆಗೆ ಬಂತೆಂದೇ ಲೆಕ್ಕ. ಗ್ರಾಂಟ್, ಲೀ, ವಿಕ್ಸ್‌ಬರ್ಗ್, ಗೆಟ್ಟಿಸ್‌ಬರ್ಗ್ ಎಂದು ಮಗು ಹೆಸರುಗಳನ್ನು ಒಪ್ಪಿಸುತ್ತದೆ, ನಾವು ತಲೆಯಾಡಿಸುತ್ತೇವೆ. ಸೊರೆಂಟೊ ವ್ಯಾಲಿಯ ನಮ್ಮ ಮನೆಗಳಲ್ಲಿ ಈ ಪಾಠವನ್ನು ಊಟದ ಹೊತ್ತಿಗೆ ಕನ್ನಡದಲ್ಲೇ ಮಾತಾಡಬಹುದು.

ಆಗ ನಮ್ಮ ಬಾಯಿಗೆ ಮೊದಲು ಬರುವುದು ಕುರುಕ್ಷೇತ್ರ. ಅದಕ್ಕೆ ಒಪ್ಪುವ ಕಥೆಯೂ ಹತ್ತಿರದಲ್ಲೇ ಇದೆ. 1861ರಲ್ಲಿ ಲೂಯಿಸ್ ಆರ್ಮಿಸ್ಟೆಡ್ ಮತ್ತು ವಿನ್‌ಫೀಲ್ಡ್ ಹ್ಯಾನ್‌ಕಾಕ್ ಇಬ್ಬರೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದ ಸೇನಾಧಿಕಾರಿಗಳು, ಆಪ್ತ ಗೆಳೆಯರು. ಲಾಸ್ ಏಂಜಲೀಸಿನ ಹ್ಯಾನ್‌ಕಾಕ್ ಮನೆಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಆರ್ಮಿಸ್ಟೆಡ್ ಕಣ್ಣೀರಿಟ್ಟಿದ್ದನ್ನು ಹ್ಯಾನ್‌ಕಾಕ್ ಪತ್ನಿ ಮುಂದೆ ಬರೆದಿದ್ದಾರೆ. ಒಬ್ಬ ದಕ್ಷಿಣದ ಕಡೆಗೆ ಹೋದ, ಇನ್ನೊಬ್ಬ ಉತ್ತರದಲ್ಲೇ ಉಳಿದ. 1863ರ ಜುಲೈ 3ರಂದು ಗೆಟ್ಟಿಸ್‌ಬರ್ಗಿನಲ್ಲಿ ಆರ್ಮಿಸ್ಟೆಡ್ ತನ್ನ ದಂಡಿನೊಂದಿಗೆ ನುಗ್ಗಿದ್ದು ಹ್ಯಾನ್‌ಕಾಕ್ ಕಾಯುತ್ತಿದ್ದ ಸಾಲಿನ ಮೇಲೆಯೇ. ಇಬ್ಬರೂ ಗಾಯಗೊಂಡರು. ಎರಡು ದಿನಗಳ ಮೇಲೆ ಆರ್ಮಿಸ್ಟೆಡ್ ತೀರಿಕೊಂಡ.

ಕರ್ಣಾರ್ಜುನರನ್ನು ಬಲ್ಲ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಮಗುವಿನ ಪಾಲಿಗೆ ಇದೊಂದು ದಾಯಾದಿ ಜಗಳವಾಗಿ ಉಳಿಯುತ್ತದೆ. ಕುರುಕ್ಷೇತ್ರದಲ್ಲಿ ಪಾಲು ಕೇಳಿದ್ದು ನೆಲಕ್ಕಾಗಿ. ಇಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾದದ್ದು ಗುಲಾಮಗಿರಿ ಉಳಿಸಿಕೊಳ್ಳಲು. 1860ರಲ್ಲಿ ಈ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಸೇನಾಪತಿಗಳ ಸ್ನೇಹದ ಕಥೆಯಲ್ಲಿ ಅವರು ಕಾಣುವುದೇ ಇಲ್ಲ. ಅವರೇನು ಸುಮ್ಮನೆ ನೋಡುತ್ತ ಕೂತವರಲ್ಲ; ಉತ್ತರದ ಸೇನೆಯಲ್ಲಿ ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರಿದ್ದರು, ಅವರಲ್ಲಿ ಬಹಳ ಮಂದಿ ಗುಲಾಮಗಿರಿಯಿಂದ ಬಂದವರೇ.

ಮಾತಿಗೆ ಬೇಕಾದ ಪದಗಳು ನಮ್ಮಲ್ಲೇ ಇವೆ:

ಅಂತರ್ಯುದ್ಧ: ಅಂತರ್ ಎಂದರೆ ಒಳಗೆ. ‘ಅಂತರಂಗ’ ಗೊತ್ತಿರುವ ಮಗು ಇದನ್ನು ತಾನೇ ಬಿಡಿಸುತ್ತದೆ.

ಶರಣಾಗು: 1865ರ ಏಪ್ರಿಲ್ 9ರಂದು ಲೀ ಗ್ರಾಂಟ್‌ಗೆ ಶರಣಾದ. ‘ಶರಣು’ ಎಂದು ಕೈಮುಗಿಯುವುದೂ ಇದೇ ಪದ ಎಂದರೆ ಮಕ್ಕಳಿಗೆ ಮಜಾ.

ಗುಲಾಮ: ಇಸ್ಪೀಟಿನಲ್ಲಿ ರಾಜ, ರಾಣಿಯ ಜೊತೆ ಮಗು ನೋಡಿರುವ ಎಲೆ. ಅದು ಆಟದ ಹೆಸರಾಗುವ ಮೊದಲು ಮನುಷ್ಯರ ಹೆಸರಾಗಿತ್ತು ಎಂದು ಹೇಳಿ.

ಜೀತ: ಇದಕ್ಕೆ ಅಜ್ಜಿ ತಾತನಿಗೆ ವಿಡಿಯೊ ಕರೆ ಮಾಡಿಸಿ. ಸಾಲಕ್ಕೆ ಕಟ್ಟುಬಿದ್ದು ದುಡಿಯುವುದು ಜೀತ. ಮನುಷ್ಯನನ್ನೇ ಕೊಂಡು ಮಾರುವುದು ಗುಲಾಮಗಿರಿ. ಭಾರತದಲ್ಲಿ ಜೀತವನ್ನು ಕಾನೂನಿನಿಂದ ರದ್ದು ಮಾಡಿದ್ದು 1976ರಲ್ಲಿ. ‘ನಮ್ಮೂರಲ್ಲೂ ಇತ್ತಾ?’ ಎಂದು ಮಗು ಕೇಳಿದರೆ ಮಾತು ಬದಲಿಸಬೇಡಿ.

ಆರ್ಮಿಸ್ಟೆಡ್ ಕಥೆಯ ಜೊತೆ ಇನ್ನೊಂದನ್ನೂ ಹೇಳಿ. ಬಿಡ್ಡಿ ಮೇಸನ್ ಎಂಬಾಕೆಯನ್ನು ಗುಲಾಮಳಾಗಿ ಕ್ಯಾಲಿಫೋರ್ನಿಯಾಕ್ಕೆ ಕರೆತಂದಿದ್ದರು. ಒಡೆಯ ಟೆಕ್ಸಾಸಿಗೆ ಸಾಗಿಸಲು ಹೊರಟಾಗ ವಿಷಯ ಲಾಸ್ ಏಂಜಲೀಸಿನ ನ್ಯಾಯಾಲಯ ಮುಟ್ಟಿತು. 1856ರ ಜನವರಿಯಲ್ಲಿ ನ್ಯಾಯಾಧೀಶ ಬೆಂಜಮಿನ್ ಹೇಸ್ ಆಕೆಗೂ ಜೊತೆಗಿದ್ದ 13 ಮಂದಿಗೂ ಬಿಡುಗಡೆ ಕೊಟ್ಟರು. ಮುಂದೆ ಆಕೆ ಅದೇ ಊರಿನಲ್ಲಿ ಸೂಲಗಿತ್ತಿಯಾಗಿ ದುಡಿದು ಸ್ವಂತ ಜಾಗ ಕೊಂಡರು. ಸೂಲಗಿತ್ತಿ ಎಂಬ ಪದವನ್ನೂ ಮಗು ಕಲಿಯಲಿ.

ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಹೊರಡಿ. ವಿಲ್ಮಿಂಗ್ಟನ್ನಿನ ಡ್ರಮ್ ಬ್ಯಾರಕ್ಸ್ ಅಂತರ್ಯುದ್ಧದ ಕಾಲದ ಸೇನಾನೆಲೆ, ಈಗ ಮ್ಯೂಸಿಯಂ. ತೆರೆದಿರುವ ಹೊತ್ತು ಮೊದಲೇ ನೋಡಿಕೊಳ್ಳಿ. ಅಲ್ಲಿಂದ ಲಾಸ್ ಏಂಜಲೀಸ್ ಡೌನ್‌ಟೌನಿಗೆ ಹೋದರೆ ಬಿಡ್ಡಿ ಮೇಸನ್ ಹೆಸರಿನ ಪುಟ್ಟ ಉದ್ಯಾನವಿದೆ. ಕಾರಿನಲ್ಲಿ ಎರಡೂ ಕಥೆಯನ್ನು ಮಗುವೇ ಕನ್ನಡದಲ್ಲಿ ಹೇಳಲಿ. ಪದ ಸಿಗದೆ ತಡವರಿಸಿದರೆ ಕಾಯಿರಿ, ದಾರಿ ಉದ್ದ ಇದೆ.