ಟಿಟ್ಟಿಭಕ್ಕೆ ಎಷ್ಟು ದೂರ, ಅಕ್ಕನಿಗೆ ಎಷ್ಟು ಬೆಳಕು?

ಮಕ್ಕಳೇ, ಮೊದಲ ಕ್ಯಾಮೆರಾ ಕೊಳ್ಳಬೇಕು ಅನ್ನಿಸಿದರೆ ಮೊದಲು ಮನೆಯಲ್ಲಿ ಅಳತೆ ಟೇಪು ಎಲ್ಲಿದೆ ಹುಡುಕಿ. ಅದನ್ನು ಹಿಡಿದು ಹೊಲಕ್ಕೆ ಹೋಗಿ, ಆಮೇಲೆ ಪಡಸಾಲೆಗೆ ಬನ್ನಿ. ಅಂಗಡಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಅಜ್ಜ-ಅಜ್ಜಿಯರೇ, ಈ ಮಾತು ನಿಮಗೂ ಸೇರಿಯೇ ಹೇಳುತ್ತಿದ್ದೇನೆ. ದುಡ್ಡು ಬಿಚ್ಚುವವರು ಕೊನೆಗೆ ನಾವೇ ತಾನೆ!

ಎಂಟನೆಯ ತರಗತಿ ಮುಗಿಸಿದ ನನ್ನ ಮೊಮ್ಮಗ ಈ ರಜೆಗೆ ಮರಳಿಗೆ ಬಂದವನೇ ಕ್ಯಾಮೆರಾ ಬೇಕು ಅಂದ. ದರೋಜಿಯ ಕರಡಿ, ತುಂಗಭದ್ರೆಯ ನೀರುನಾಯಿ, ಕಾಲುವೆ ಮೇಲಿನ ಮಿಂಚುಳ್ಳಿ ಎಲ್ಲವೂ ಅವನ ಪಟ್ಟಿಯಲ್ಲಿದ್ದವು. ನಮ್ಮ ಮನೆಯಾಕೆ ಒಳಗಿನಿಂದಲೇ, “ಮೊದ್ಲು ಮನ್ಯಾಗಿನ ಮಂದೀದು ತೆಗಿಯಪ್ಪಾ” ಅಂದಳು. ಎಫ್‌ಡಿ ಬಡ್ಡಿಯಲ್ಲಿ 55 ಸಾವಿರ ರೂಪಾಯಿ ಎತ್ತಿಡಬಹುದು ಅಂತ ನಾನು ಲೆಕ್ಕ ಹಾಕಿದೆ. ಬ್ಯಾಂಕಿನಲ್ಲಿ ಕೂತು ಎದ್ದವನು, ಬಜೆಟ್ ಮೊದಲು, ಆಸೆ ಆಮೇಲೆ.

ಅವನ ಗೆಳೆಯನ ಮನೆಯಲ್ಲಿ ನಿಕಾನ್ ಪಿ950 ಇದೆಯಂತೆ. 83 ಪಟ್ಟು ಜೂಮು. “ಅಜ್ಜಾ, ಚಂದ್ರನ ಮ್ಯಾಲಿನ ಗುಂಡಿ ಸೈತ ಕಾಣ್ತಾವ!” ಕಾಣುತ್ತವೆ, ಸುಳ್ಳಲ್ಲ. ಆದರೆ ಚಂದ್ರನ ಮೇಲೆ ಧಾರಾಳ ಬಿಸಿಲು ಬಿದ್ದಿರುತ್ತದೆ. ನಮ್ಮ ಪಡಸಾಲೆಯಲ್ಲಿ ಬೀಳುವುದಿಲ್ಲ.

ಮೊದಲು ಹೊಲದ ಅಳತೆ ನೋಡೋಣ. ಭತ್ತ ಕೊಯ್ದ ಗದ್ದೆಯ ಆಚೆ ಒಂದು ಬೀಳು ಹೊಲವಿದೆ. ಅಲ್ಲಿ ಟಿಟ್ಟಿಭಗಳ ಜೋಡಿಯೊಂದು ಓಡಾಡುತ್ತದೆ. ನಡೆದು ಹೋದರೆ ಸುಮಾರು 30 ಮೀಟರು ಇರುವಾಗಲೇ ಕೂಗಾಡಿ ಊರು ಎಬ್ಬಿಸುತ್ತದೆ. ಹಕ್ಕಿಯ ಉದ್ದ ಸುಮಾರು 35 ಸೆಂಟಿಮೀಟರು. ಇಷ್ಟು ಗೊತ್ತಾದರೆ ಉಳಿದದ್ದು ಆರನೆಯ ತರಗತಿಯ ಗಣಿತ. ಹಳೆಯ ಫಿಲ್ಮಿನ ಚೌಕಟ್ಟು 36 ಮಿಲಿಮೀಟರು ಅಗಲ. ಎಲ್ಲ ಕ್ಯಾಮೆರಾಗಳ ಲೆನ್ಸನ್ನೂ ಅದಕ್ಕೆ ಹೋಲಿಸಿಯೇ ಹೇಳುವುದು ರೂಢಿ. ಲೆನ್ಸಿನ ಮಿಲಿಮೀಟರನ್ನು ಹಕ್ಕಿಯ ಉದ್ದದಿಂದ ಗುಣಿಸಿ, ದೂರದಿಂದ ಭಾಗಿಸಿ. ಮೊಬೈಲಿನ ಮುಖ್ಯ ಲೆನ್ಸು ಸುಮಾರು 26 ಮಿ.ಮೀ. ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ನಮ್ಮ ಟಿಟ್ಟಿಭ ಚೌಕಟ್ಟಿನ ಅಗಲದ ನೂರಿಪ್ಪತ್ತರಲ್ಲಿ ಒಂದು ಪಾಲು, ಅಂದರೆ ಅನ್ನದೊಳಗಿನ ಹರಳು. 400 ಮಿ.ಮೀ. ಲೆನ್ಸಿನಲ್ಲಿ ಎಂಟರಲ್ಲಿ ಒಂದು ಪಾಲು. 2000 ಮಿ.ಮೀ.ನಲ್ಲಿ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ತುಂಬಿಕೊಳ್ಳುತ್ತದೆ. ಗೆಳೆಯನ ಕ್ಯಾಮೆರಾದ 83 ಪಟ್ಟು ಅಂದರೆ ಇದೇ 2000.

ಮೊಬೈಲಿನಲ್ಲೂ ನೂರು ಪಟ್ಟು ಜೂಮು ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದರಲ್ಲಿ ಹೆಚ್ಚಿನದು ಕತ್ತರಿಸಿ ಹಿಗ್ಗಿಸಿದ್ದು. ಪತ್ರಿಕೆಯಲ್ಲಿ ಅಚ್ಚಾದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ. ಚುಕ್ಕೆಗಳು ದಪ್ಪಗಾಗುತ್ತವೆಯೇ ಹೊರತು ಮೂಗಿನ ಮೇಲಿನ ಮಚ್ಚೆ ಹೊಸದಾಗಿ ಕಾಣಿಸುವುದಿಲ್ಲ. ಗಾಜಿನ ಲೆನ್ಸೇ ಮಾಡುವ ಆಪ್ಟಿಕಲ್ ಜೂಮು ಎಷ್ಟು ಅಂತ ಮಾತ್ರ ಕೇಳಬೇಕು.

ಇಷ್ಟಕ್ಕೇ ನಿಂತಿದ್ದರೆ ಮೊಮ್ಮಗ ಗೆದ್ದಿದ್ದ. ಪಡಸಾಲೆಯ ಅಳತೆ ಬಾಕಿ ಇತ್ತು.

ನಮ್ಮ ಅಕ್ಕನಿಗೆ ಈಗ 84. ನಮ್ಮ ಜೊತೆಯಲ್ಲೇ ಇದ್ದಾಳೆ. ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ಅವಳು ಕೂಡುವ ಜಾಗಕ್ಕೆ ಮೇಲಿನ ಬೆಳಕಿಂಡಿಯೊಂದೇ ಆಸರೆ. ಕ್ಯಾಮೆರಾ ಹಿಡಿದವನಿಂದ ಅವಳಿಗೆ ಎರಡೇ ಮೀಟರು. ದೂರದ ತಾಪತ್ರಯವಿಲ್ಲ, ಬೆಳಕಿನದೇ ತಾಪತ್ರಯ. ಕಣ್ಣಿನ ಪೊರೆ ತೆಗೆಸಿಕೊಂಡವಳು. ಫ್ಲ್ಯಾಶು ಹೊಡೆದರೆ ಮುಖ ತಿರುಗಿಸಿ ಸೆರಗು ಎಳೆದುಕೊಳ್ಳುತ್ತಾಳೆ.

ಈ ಸೆರಗಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಅವ್ವನದು ಒಂದೇ ಒಂದು ಫೋಟೋ ಇದೆ. 1966ರಲ್ಲಿ ಅಕ್ಕನ ಮಗನ ಜವಳದ ದಿನ ಗಂಗಾವತಿಯಿಂದ ಫೋಟೋದವರನ್ನು ಕರೆಸಿದ್ದರು. ಮೂರು ಕಾಲಿನ ಮೇಲೆ ಪೆಟ್ಟಿಗೆ ಇಟ್ಟು, ಕರೀ ಬಟ್ಟೆಯೊಳಗೆ ತಲೆ ತೂರಿಸಿ ತೆಗೆದ ಗುಂಪಿನ ಚಿತ್ರ. ಹತ್ತೊಂಬತ್ತು ಜನರಲ್ಲಿ ಅವ್ವ ಹಿಂದಿನ ಸಾಲು. ಸೆರಗು ಅರ್ಧ ಮುಖಕ್ಕೆ ಬಂದಿದೆ. ಅವಳ ಗದ್ದ, ಬಾಯಿ, ಒಂದು ಮೂಗುಬೊಟ್ಟು ಕಾಣುತ್ತವೆ. ಕಣ್ಣು ಕಾಣುವುದಿಲ್ಲ. ಅವ್ವನ ಕಣ್ಣು ಹೇಗಿದ್ದವು ಅಂತ ನನ್ನ ಮಗಳು ಒಮ್ಮೆ ಕೇಳಿದಾಗ ಅಕ್ಕನ ಕಡೆ ಬೆರಳು ತೋರಿಸಿದ್ದೆ. ಅಕ್ಕನದು ಅವ್ವನದೇ ಕಣ್ಣು. ಹಾಗಾಗಿ ಈ ಪಡಸಾಲೆಯ ಎರಡು ಮೀಟರು ನನಗೆ ಹೊಲದ 30 ಮೀಟರಿಗಿಂತ ದೊಡ್ಡ ಲೆಕ್ಕ.

ಬೆಳಕಿನ ಲೆಕ್ಕ ಹೀಗೆ. ಕ್ಯಾಮೆರಾದೊಳಗೆ ಬೆಳಕು ಬೀಳುವ ಚಿಪ್ಪಿಗೆ ಸೆನ್ಸರ್ ಅನ್ನುತ್ತಾರೆ. ಉದ್ದ ಜೂಮಿನ ಒಂದೇ ತುಂಡಿನ ಕ್ಯಾಮೆರಾಗಳಲ್ಲಿ ಅದರ ಅಗಲ ಬಹುಮಟ್ಟಿಗೆ 6 ಮಿ.ಮೀ. ಚಿಲ್ಲರೆ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಚಿಪ್ಪು ಚಿಕ್ಕದಾದ್ದರಿಂದಲೇ ಅಷ್ಟು ಜೂಮನ್ನು ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ತರಲು ಆಗಿದೆ. ಲೆನ್ಸು ಬದಲಿಸುವ ಸಾಧಾರಣ ಕ್ಯಾಮೆರಾದಲ್ಲಿ ಸೆನ್ಸರಿನ ಅಗಲ 22 ಮಿ.ಮೀ. ಮೀರುತ್ತದೆ, ವಿಸ್ತೀರ್ಣ ಹೆಚ್ಚುಕಡಿಮೆ ಹನ್ನೆರಡು ಪಟ್ಟು. ಮಳೆಯಲ್ಲಿ ಅಂಗಳದಲ್ಲಿ ಲೋಟ ಇಟ್ಟವರಿಗೂ ಕೊಪ್ಪರಿಗೆ ಇಟ್ಟವರಿಗೂ ಇರುವ ವ್ಯತ್ಯಾಸ. ಮಳೆ ಜೋರಾಗಿದ್ದರೆ ಲೋಟವೂ ತುಂಬುತ್ತದೆ. ತುಂತುರು ಇದ್ದಾಗ ತೊಂದರೆ.

ಇನ್ನು ಲೆನ್ಸಿನ ಮೇಲೆ ಎಫ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಸಾಲದ ಬಡ್ಡಿಯಿದ್ದ ಹಾಗೆ, ಚಿಕ್ಕದಿದ್ದಷ್ಟೂ ನಮಗೆ ಒಳ್ಳೆಯದು. ಕ್ಯಾಮೆರಾ ಜೊತೆ ಬರುವ ಜೂಮ್ ಲೆನ್ಸನ್ನು ಹಿಗ್ಗಿಸಿದಾಗ ಎಫ್ 5.6 ಇರುತ್ತದೆ. ಜೂಮೇ ಇಲ್ಲದ 50 ಮಿ.ಮೀ.ನ ಪುಟ್ಟ ಲೆನ್ಸಿನಲ್ಲಿ ಎಫ್ 1.8. ಒಳಗೆ ಬರುವ ಬೆಳಕು ಒಂಬತ್ತೂವರೆ ಪಟ್ಟು ಹೆಚ್ಚು. ಅಜ್ಜಿಯರ ಚಿತ್ರಕ್ಕೆ, ತೊಟ್ಟಿಲ ಕೂಸಿನ ಚಿತ್ರಕ್ಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಅಗ್ಗದ ಲೆನ್ಸು ಇಲ್ಲ.

ಮೆಗಾಪಿಕ್ಸೆಲ್ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾದ್ದು 0.01 ಮೆಗಾಪಿಕ್ಸೆಲ್, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು! ಈಗ 12 ಇದ್ದರೂ ನೋಟ್‌ಬುಕ್ ಹಾಳೆಗಿಂತ ದೊಡ್ಡ ಚಿತ್ರ ಅಚ್ಚಾಗುತ್ತದೆ. ಮುಂದಿನ ಮಾತು ನೋಡೋಣ.

ಎರಡೂ ಲೆಕ್ಕ ಅಕ್ಕಪಕ್ಕ ಬರೆದು ಮೊಮ್ಮಗನ ಮುಂದೆ ಇಟ್ಟೆ. ಅವನು ಬಹಳ ಹೊತ್ತು ನೋಡಿ, “ಟಿಟ್ಟಿಭ ಮುಂದಿನ ವರ್ಷಾನೂ ಇರ್ತಾವಲ್ಲ ಅಜ್ಜಾ” ಅಂದ. ಉಳಿದ ಅರ್ಧ ವಾಕ್ಯ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೆನ್ಸು ಬದಲಿಸುವ ಕ್ಯಾಮೆರಾ ಅಂತ ತೀರ್ಮಾನವಾಯಿತು.

ಎಲ್ಲರ ಮನೆಗೂ ಇದೇ ಉತ್ತರ ಅಂತ ತಿಳಿಯಬೇಡಿ. ನಿಮ್ಮದು ದೊಡ್ಡ ಕಿಟಕಿಯ ಮನೆಯಾಗಿದ್ದು, ಹುಡುಗಿಗೆ ಹಕ್ಕಿಯ ಹೊರತು ಬೇರೆ ಧ್ಯಾನವೇ ಇಲ್ಲದಿದ್ದರೆ, ಉದ್ದ ಜೂಮಿನ ಒಂದೇ ತುಂಡಿನ ಕ್ಯಾಮೆರಾನೇ ಸರಿ. ಲೆನ್ಸು ಬದಲಿಸುವಾಗ ಧೂಳು ಹೋಗುವ ಭಯವೂ ಇಲ್ಲ. ಆದರೆ ದರೋಜಿ ಕರಡಿಧಾಮಕ್ಕೆ ಹೋಗುವವರು ಒಂದು ನೆನಪಿಡಿ. 1994ರಲ್ಲಿ ಆದ ಧಾಮ ಅದು, ಕಂಪ್ಲಿ ಸೇತುವೆ ದಾಟಿದರೆ ನಮಗೆ ಹತ್ತಿರವೇ. ಬಂಡೆಗೆ ಬೆಲ್ಲದ ಪಾಕ ಬಳಿದಿರುತ್ತಾರೆ. ಮಧ್ಯಾಹ್ನ ಇಳಿದ ಮೇಲೆ ಕರಡಿಗಳು ಬರುತ್ತವೆ, ನಾವು ಗೋಪುರದ ಮೇಲಿಂದ ನೋಡಬೇಕು. ಅಲ್ಲಿ ದೂರವೂ ಹೌದು, ಸಂಜೆಯಾದಂತೆ ಬೆಳಕೂ ಕಡಿಮೆ. ಮೇಲಾಗಿ ಪ್ರಾಣಿಯ ಬಣ್ಣವೇ ಕಪ್ಪು. ಎಂಥ ಕ್ಯಾಮೆರಾನೂ ಬೆವರುವ ಜಾಗ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ದಂಡೆಯ ಮೇಲೆ ಸುಮ್ಮನೆ ಕೂಡುವ ತಾಳ್ಮೆ ಲೆನ್ಸಿಗಿಂತ ಮುಖ್ಯ.

ತಾಳ್ಮೆ ಅಂದಾಗ ನಮ್ಮ ಮಗ್ಗುಲಿನ ಸಂಡೂರಿನ ಎಂ.ವೈ. ಘೋರ್ಪಡೆಯವರು ನೆನಪಾಗುತ್ತಾರೆ. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. ಕಾಡಿನ ಆನೆಗಳನ್ನು ಕಪ್ಪು-ಬಿಳುಪಿನಲ್ಲಿ ಅವರು ತೆಗೆದ ಹಾಗೆ ತೆಗೆದವರು ಕಡಿಮೆ. 1983ರಲ್ಲಿ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಅವರ ಚಿತ್ರಗಳ ಪುಸ್ತಕ ಬಂತು. ಬಜೆಟ್ ಮಂಡಿಸುವವರೂ ಪೊದೆಯ ಹಿಂದೆ ಕೂಡುತ್ತಿದ್ದರು ಅಂದರೆ ಬ್ಯಾಂಕಿನವರಾದ ನಮಗೆ ಆಗ ಒಳಗೊಳಗೇ ಹೆಮ್ಮೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೇಜಸ್ವಿ ಇವರೆಲ್ಲ ಫಿಲ್ಮಿನ ಕಾಲದಲ್ಲಿ ಹಕ್ಕಿಗಳ ಹಿಂದೆ ಬಿದ್ದವರು. ಒಂದು ರೋಲಿಗೆ 36 ಚಿತ್ರ, ತೊಳೆಯುವ ತನಕ ಏನು ಬಂದಿದೆ ಗೊತ್ತಿಲ್ಲ.

ನಾವು ಹೊಸದನ್ನು ಕೊಳ್ಳಲಿಲ್ಲ. ಈಗ ಕಂಪನಿಗಳೆಲ್ಲ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆ ಹೊರಳಿವೆ, ಹಾಗಾಗಿ ಹಳೆಯ ಡಿಎಸ್‌ಎಲ್‌ಆರ್‌ಗಳು ಕೈ ಬದಲಾಗಿ ಅಗ್ಗಕ್ಕೆ ಸಿಗುತ್ತವೆ. ಹೊಸಪೇಟೆಯಲ್ಲಿ ಮದುವೆ ಫೋಟೋ ತೆಗೆಯುವ ಒಬ್ಬರ ಹತ್ತಿರ ಕ್ಯಾನನ್ 1500ಡಿ ಇತ್ತು. ಸೆಕೆಂಡ್‌ಹ್ಯಾಂಡ್ ಬೈಕಿನ ಮೀಟರ್ ನೋಡುವ ಹಾಗೆ ಇದರಲ್ಲಿ ಶಟರ್ ಎಷ್ಟು ಸಲ ಬಿದ್ದಿದೆ ಅಂತ ನೋಡಬೇಕು. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಬೇಕು. ಮೂಲ ಬಿಲ್ಲು ಕೇಳಲೇಬೇಕು. “ಬಿಲ್ ಯಾಕ್ರೀ ಸರ, ನಂಬಿಕಿ ಇಲ್ಲೇನು?” ಅಂದರು. “ನಂಬಿಕಿ ಐತ್ರೀ, ಬಿಲ್ಲೂ ಇರ್ಲಿ” ಅಂದೆ. ಕ್ಯಾಮೆರಾ ಮತ್ತು ಮಾಮೂಲಿ ಲೆನ್ಸು 24,000; 55ರಿಂದ 250ರ ಜೂಮ್ ಲೆನ್ಸು 9,000; ಅಕ್ಕನಿಗಾಗಿ 50ರ ಲೆನ್ಸು 6,500; ಇನ್ನೊಂದು ಬ್ಯಾಟರಿ, ಮೆಮೊರಿ ಕಾರ್ಡು, ಚೀಲ 4,300. ಒಟ್ಟು 43,800. ಉಳಿದ 11,200ರಲ್ಲಿ ಚಿತ್ರ ಅಚ್ಚು ಹಾಕಿಸುವುದು, ದರೋಜಿಗೆ ಹೋಗಿ ಬರುವುದು. ಅಚ್ಚಿನ ಖರ್ಚನ್ನು ಮೊದಲೇ ತೆಗೆದಿಡಿ. ಮೊಬೈಲು ನೀರಿಗೆ ಬಿದ್ದು ಮೂರು ವರ್ಷದ ಮನೆಯ ಚಿತ್ರಗಳೆಲ್ಲ ಹೋದವರನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಅಚ್ಚಾದ ಚಿತ್ರದ ಹಿಂದೆ ಯಾರು, ಎಂದು ಅಂತ ಪೆನ್ಸಿಲ್ಲಿನಲ್ಲಿ ಬರೆಯಿರಿ.

250ರ ಲೆನ್ಸು ಈ ಸೆನ್ಸರಿನ ಮೇಲೆ 400ರ ಕೆಲಸ ಮಾಡುತ್ತದೆ. ಅಂದರೆ ಟಿಟ್ಟಿಭ ಎಂಟರಲ್ಲಿ ಒಂದು ಪಾಲು. ಹುಡುಗ ಇನ್ನೂ ಹತ್ತಿರ ಹೋಗುತ್ತೇನೆ ಅಂದ. ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂದೆ. ಅದು ಬರಿಯ ನೆಲದ ಮೇಲೆ, ಹರಳಿನ ಬಣ್ಣದ ಮೊಟ್ಟೆ ಇಡುವ ಹಕ್ಕಿ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಅದು ಕಾವು ಕೊಡುವುದಕ್ಕಿಂತ ನೆರಳು ಕೊಡಲು ಮೊಟ್ಟೆಯ ಮೇಲೆ ಕೂಡುತ್ತದೆ. ನೀರಿನಲ್ಲಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನಾವು ಒಂದು ಒಳ್ಳೆಯ ಫೋಟೋಕ್ಕಾಗಿ ಅರ್ಧ ತಾಸು ಅಲ್ಲಿ ನಿಂತರೆ ಅದು ಅರ್ಧ ತಾಸು ಕೂಗುತ್ತಾ ಮೇಲೆ ಹಾರುತ್ತಿರುತ್ತದೆ, ಕೆಳಗೆ ಮೊಟ್ಟೆ ಬೇಯುತ್ತವೆ. ಮಕ್ಕಳೇ, ಗೂಡಿನ ಹತ್ತಿರ ಹೋಗಿ ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ನಾನದನ್ನು ನೋಡುವುದಿಲ್ಲ.

ಇದಕ್ಕೆ ಉಪಾಯ ಹೊಲದಲ್ಲೇ ಇತ್ತು. ನಡೆದು ಬರುವ ಮನುಷ್ಯನನ್ನು ಕಂಡರೆ ಹಾರುವ ಹಕ್ಕಿ, ದಿನಾ ಓಡಾಡುವ ಟ್ರ್ಯಾಕ್ಟರನ್ನು ಲೆಕ್ಕಕ್ಕೇ ಇಡುವುದಿಲ್ಲ. ಗೂಡಿನ ಕಡೆ ಹೋಗದೆ, ಅದು ನೀರು ಕುಡಿಯಲು ಬರುವ ಕಾಲುವೆ ತೂಬಿನ ಹತ್ತಿರ ಟ್ರೇಲರ್ ನಿಲ್ಲಿಸಿದೆವು. ಬೆಳಗಿನ ಆರೂವರೆಗೆ ಹುಡುಗ ಟ್ರೇಲರಿನಲ್ಲಿ ಬೋರಲು ಮಲಗಿದ. ಏಳು ಗಂಟೆ ಸುಮಾರಿಗೆ ಹಕ್ಕಿ ತಾನಾಗಿಯೇ ಹತ್ತು ಹನ್ನೆರಡು ಮೀಟರಿಗೆ ಬಂತು. ಈಗ ಪುನಃ ಭಾಗಿಸಿ ನೋಡಿ, ಚೌಕಟ್ಟಿನ ಮೂರರಲ್ಲಿ ಒಂದು ಪಾಲು ಹಕ್ಕಿ. ಕಣ್ಣ ಮುಂದಿನ ಕೆಂಪು ತೊಗಲು ಕೂಡ ಸ್ಪಷ್ಟವಾಗಿ ಬಂದಿದೆ. ಹಾರುವಾಗ ತೆಗೆದವೆಲ್ಲ ಕಲಸಿದ ಹಿಟ್ಟು. ಶಟರನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗಕ್ಕೆ ಇಡಬೇಕಿತ್ತು ಅಂತ ಮಾರನೆಯ ದಿನ ಅವನೇ ಕಂಡುಕೊಂಡ.

ಟ್ರೇಲರಿನ ಕಬ್ಬಿಣದ ಅಂಚಿನ ಮೇಲೆ ಲೆನ್ಸು ಇಟ್ಟರೆ ಅದುರುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡು ಬೇಕು ಅಂತ ಹೊಸ ಬೇಡಿಕೆ ಬಂತು. ಕಾಳು ತುಂಬಿದ ಬಟ್ಟೆ ಚೀಲ ಅದಕ್ಕಿಂತ ಒಳ್ಳೆಯದು, ಲೆನ್ಸು ಅದರಲ್ಲಿ ಹುದುಗಿ ಕೂಡುತ್ತದೆ. ಅಕ್ಕ ಇದನ್ನು ಕೇಳಿಸಿಕೊಂಡಿದ್ದಳು. ಹಳೆಯ ಕೌದಿಯ ತುಂಡು ತೆಗೆದು ಬೆಳಕಿಂಡಿಯ ಕೆಳಗೆ ಹೊಲಿಯಲು ಕೂತಳು. ಹುಡುಗ ಟ್ಯೂಬ್‌ಲೈಟು ಆರಿಸಿ, 50ರ ಲೆನ್ಸು ಹಾಕಿಕೊಂಡು ಎದುರಿಗೆ ಕೂತ. ಅವಳಿಗೆ ಸೂಜಿಯ ಮೇಲೇ ಧ್ಯಾನ. ದಾರ ಪೋಣಿಸಲು ಬರದೆ ಒಮ್ಮೆ ತಲೆ ಎತ್ತಿ, “ಏ ತಮ್ಮಾ, ಇದನ್ನಿಷ್ಟು ಪೋಣಿಸಿಕೊಡೋ” ಅಂತ ನೇರ ಅವನನ್ನು ನೋಡಿದಳು. ಎರಡು ಕಣ್ಣೂ ಬಂದಿವೆ.

ಚೀಲಕ್ಕೆ ಎರಡು ಸೇರು ಜೋಳ ಹಿಡಿಯಿತು. ರಜೆ ಮುಗಿದ ಮೇಲೆ ಜೋಳ ತಿರುಗಿ ಡಬ್ಬಿಗೆ ಬರಬೇಕು ಅಂತ ಅಕ್ಕನ ಕರಾರು.