ಕಡಲಿಗೆ ಬೇಲಿ ಹಾಕುವ ಮೊದಲು ನಾಡದೋಣಿಯವರನ್ನು ಕೇಳಿ

ಸಮುದ್ರದಲ್ಲಿ ಪಂಜರ ಇಟ್ಟು ಮೀನು ಸಾಕಿದರೆ ಮೀನುಗಾರರು ಉದ್ಧಾರ ಆಗುತ್ತಾರಂತೆ. 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಇದಕ್ಕೆ ಸಬ್ಸಿಡಿಯೂ ಉಂಟು. ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಕಾರವಾರದ ಕಡಲಲ್ಲಿ ಸೀಬಾಸ್, ಕೋಬಿಯಾ ಬೆಳೆಸಿ ತೋರಿಸಿದ್ದಾರೆ. ಮೀನು ಬೆಳೆಯುವುದಿಲ್ಲ ಎಂಬುದು ನಮ್ಮ ತಕರಾರಲ್ಲ.

ಜಾಗ ಯಾರದು? ಪಂಜರಕ್ಕೆ ಅಲೆ ಕಡಿಮೆ ಇರುವ, ದಡದ ಹತ್ತಿರದ ನೀರು ಬೇಕು. ನಾಡದೋಣಿಯವರು ಬಲೆ ಬಿಡುವುದೂ ಅಲ್ಲೇ. ಟ್ರಾಲರ್‌ನವರಿಗೇನು, ದೂರ ಹೋಗುತ್ತಾರೆ. ಸಣ್ಣ ದೋಣಿ ಎಲ್ಲಿಗೆ ಹೋಗಬೇಕು? ಪಂಜರದ ಲಂಗರು ಹಗ್ಗಕ್ಕೆ ಸಿಕ್ಕಿ ಬಲೆ ಹರಿದರೆ ದುಡ್ಡು ಕೊಡುವವರು ಯಾರು?

ಇನ್ನು ಆಹಾರ. ಸೀಬಾಸ್ ಹುಲ್ಲು ಮೇಯುವ ಮೀನಲ್ಲ. ಹಸಿ ಮೀನು ಹಾಕಿ ಸಾಕಿದರೆ 1 ಕೆಜಿ ಬೆಳೆಯಲು 5-6 ಕೆಜಿ ಸಣ್ಣ ಮೀನು ಬೇಕು. ಕಂಪನಿಯ ಗುಳಿಗೆ ಆಹಾರದಲ್ಲೂ ಫಿಶ್‌ಮೀಲ್ ಇರುತ್ತದೆ. ನಮ್ಮ ಗಂಜಿಯ ಜೊತೆಗಿನ ಬೂತಾಯಿ ಹೀಗೆ ಪಂಜರದೊಳಗೆ ಹೋಗಿ, ಸೀಬಾಸ್ ಆಗಿ ದೊಡ್ಡ ಹೋಟೆಲಿನ ತಟ್ಟೆ ಸೇರುತ್ತದೆ. ಅದನ್ನು ಬುಟ್ಟಿಯಲ್ಲಿ ಹೊತ್ತು ಮಾರುವ ಹೆಂಗಸರಿಗೆ ಏನು ಉಳಿಯಿತು?

1970ರ ದಶಕದಲ್ಲಿ ಪರ್ಸೀನ್ ಬಂತು, ರಂಪಣಿ ಮುಳುಗಿತು. ಅದಕ್ಕೇ ಈಗಲೇ ಕೇಳುತ್ತಿದ್ದೇವೆ: ಯಾವ ನೀರಲ್ಲಿ ಎಷ್ಟು ಪಂಜರ ಎಂಬ ನಕ್ಷೆಯನ್ನು ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಿ. ಗುತ್ತಿಗೆ ಕೊಡುವುದಿದ್ದರೆ ಅಲ್ಲಿನ ದೋಣಿಯವರಿಗೆ ಮೊದಲು ಕೊಡಿ. ಅವರು ಒಪ್ಪದ ಜಾಗದಲ್ಲಿ ಒಂದು ಪಂಜರವನ್ನೂ ಇಳಿಸಬೇಡಿ.