ಬಿಳಿಮೀನಿನ ಲೆಕ್ಕ

ಕಾಫಿ ಕೊಯ್ಲಿನ ದಿನಗಳು ಬಂದವೆಂದರೆ ಬೇತ್ರಿ ಸೇತುವೆಯ ಕೆಳಗೆ ಕಾವೇರಿ ತಿಳಿಯಾಗುತ್ತಾಳೆ. ಮಳೆಗಾಲದ ಕೆಂಪು ನೀರು ಇಳಿದು, ಬಂಡೆಗಳು ತಲೆ ಎತ್ತಿ, ಆಳದ ಮಡುಗಳು ಹಸಿರಾಗಿ ಕಾಣತೊಡಗುತ್ತವೆ. ಗಾಳ ಹಿಡಿದವರು ಹೊಳೆಯ ದಂಡೆಗೆ ಬರುವುದೂ ಇದೇ ಕಾಲದಲ್ಲಿ. ಅವರನ್ನು ಕಂಡ ಮಕ್ಕಳು ತರಗತಿಯಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಚಳಿಯಲ್ಲಿ ಮೀನು ಗಾಳ ಕಚ್ಚುತ್ತದೆಯೇ? ನಮ್ಮ ಹೊಳೆಯ ಅತಿ ದೊಡ್ಡ ಮೀನು ಎಷ್ಟು ದೊಡ್ಡದಿತ್ತು? ಈ ವಾರ ಇವೆರಡಕ್ಕೂ ಉತ್ತರ ಹುಡುಕೋಣ.

ಮೊದಲು ಚಳಿಯ ವಿಚಾರ. ಮೀನು ಶೀತರಕ್ತದ ಪ್ರಾಣಿ. ನಮ್ಮ ಮೈಯ ಬಿಸಿ ಬೇಸಿಗೆ, ಚಳಿಗಾಲ ಎರಡರಲ್ಲೂ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೀನಿನದು ಹಾಗಲ್ಲ, ಸುತ್ತಲಿನ ನೀರು ಎಷ್ಟು ತಣ್ಣಗಿದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಜೀವಿಗಳ ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಇಳಿದರೆ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ. ಕ್ರಿಯೆ ನಿಧಾನವಾದರೆ ಜೀರ್ಣವೂ ನಿಧಾನ, ಹಸಿವೂ ಕಡಿಮೆ.

ಅಮೆರಿಕದ ಸರೋವರಗಳಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಮೀನಿದೆ. ಗಾಳದವರಿಗೆ ಅದೆಂದರೆ ಪ್ರಾಣ. ಅಲ್ಲಿನ ಉತ್ತರದ ಸರೋವರಗಳು ಚಳಿಗಾಲದಲ್ಲಿ ಮೇಲೆ ಹೆಪ್ಪುಗಟ್ಟುತ್ತವೆ. ಆದರೆ ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕಿಳಿದು ನಿಲ್ಲುತ್ತದೆ. ಮೇಲೆ ಮಂಜುಗಡ್ಡೆ, ಕೆಳಗೆ 4 ಡಿಗ್ರಿಯ ನೀರು, ಅದರೊಳಗೆ ಅರೆನಿದ್ದೆಯಲ್ಲಿರುವಂತೆ ಬಾಸ್. ಅಲ್ಲಿ ಚಳಿಯಲ್ಲಿ ಗಾಳ ಹಾಕುವವರು ಎರೆಯನ್ನು ಬಹಳ ನಿಧಾನವಾಗಿ ಎಳೆಯುತ್ತಾರೆ. ಬೆನ್ನಟ್ಟುವ ಶಕ್ತಿಯನ್ನು ಖರ್ಚು ಮಾಡಲು ಆ ಮೀನು ಸಿದ್ಧವಿರುವುದಿಲ್ಲ.

ಕೊಡಗಿನ ಚಳಿ ಅಷ್ಟು ಕಟುವಲ್ಲ. ಬೆಳಗಿನ ಮಂಜಿನಲ್ಲಿ ನಾವು ನಡುಗಿದರೂ ಹೊಳೆಯ ನೀರು ಹೆಪ್ಪುಗಟ್ಟುವ ಮಟ್ಟದಿಂದ ಬಹಳ ಮೇಲಿರುತ್ತದೆ. ಹಾಗಾಗಿ ನಮ್ಮ ಮೀನು ತಿನ್ನುವುದನ್ನು ಬಿಡುವುದಿಲ್ಲ. ನೀರು ತಗ್ಗಿದಂತೆ ದೊಡ್ಡ ಮೀನುಗಳು ಆಳದ ಮಡುಗಳಲ್ಲಿ ಸೇರುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಾಳದವರ ಸುಗ್ಗಿ ಎಂಬುದಕ್ಕೆ ಇದೇ ಕಾರಣ.

ಇನ್ನು ಗಾತ್ರದ ಮಾತು. ಕಾವೇರಿಯ ದೊರೆ ಮಹಶೀರ್. ಹೊಳೆದಂಡೆಯ ಜನ ಬಿಳಿಮೀನು ಎನ್ನುತ್ತಾರೆ. ರಾಮನಾಥಪುರ, ಶೃಂಗೇರಿ, ಶಿಶಿಲಗಳಲ್ಲಿ ದೇವರ ಮೀನೆಂದು ನಾವು ಮಂಡಕ್ಕಿ ಹಾಕುವ ಮೀನುಗಳಲ್ಲಿ ಮಹಶೀರ್ ಕುಲದವೂ ಇವೆ. 1873ರಲ್ಲೇ ಎಚ್.ಎಸ್. ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ಗಾಳದ ಬಗ್ಗೆ ದೊಡ್ಡ ಪುಸ್ತಕ ಬರೆದು ಈ ಮೀನಿನ ಬಲವನ್ನು ಕೊಂಡಾಡಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಕಾವೇರಿ ಕಣಿವೆಯಲ್ಲಿ ಸಿಕ್ಕ ಮಹಶೀರ್ ತೂಗಿದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ! ಬಾಸ್ ಮೀನಿನ ವಿಶ್ವದಾಖಲೆ 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ 22 ಪೌಂಡ್ 4 ಔನ್ಸ್. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಗಟ್ಟುವ ಇನ್ನೊಂದು ಸಿಕ್ಕಿತು. ನಮ್ಮ ಮೀನು ಅವುಗಳ ಐದು ಪಟ್ಟಿಗೂ ಹೆಚ್ಚು. ಅದಕ್ಕೆ ಎರೆ ಯಾವುದು ಗೊತ್ತೇ? ನಮ್ಮ ರಾಗಿ ಹಿಟ್ಟಿನ ಉಂಡೆ.

ಇಲ್ಲಿ ಸ್ವಲ್ಪ ಗಣಿತ ಬೇಕು. ಒಂದೇ ಆಕಾರದ ಎರಡು ಮೀನುಗಳಲ್ಲಿ ಒಂದರ ಉದ್ದ ಇನ್ನೊಂದರ ಎರಡರಷ್ಟಿದ್ದರೆ ತೂಕ ಎಷ್ಟರಷ್ಟು? ಎರಡರಷ್ಟಲ್ಲ, ಎಂಟರಷ್ಟು. ಉದ್ದ, ಅಗಲ, ದಪ್ಪ ಮೂರೂ ಬೆಳೆಯುತ್ತವಲ್ಲ! ಮೈ ದೊಡ್ಡದಾದಂತೆ ಮೊಟ್ಟೆಯ ಸಂಖ್ಯೆಯೂ ಏರುತ್ತದೆ. ಬಾಸ್‌ನಂಥ ಎಷ್ಟೋ ಜಾತಿಗಳಲ್ಲಿ ಅತಿ ದೊಡ್ಡ ಮೀನುಗಳು ಹೆಣ್ಣೇ ಆಗಿರುತ್ತವೆ. ಆದ್ದರಿಂದ ಮಡುವಿನ ಅತಿ ದೊಡ್ಡ ಮೀನನ್ನು ಕೊಂದವನು ಬರುವ ವರ್ಷಗಳ ಸಾವಿರಾರು ಮರಿಗಳನ್ನೂ ಕೊಂದಂತೆ. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿಯ ಹಿಂದಿರುವ ತರ್ಕ ಇದೇ.

ಆ ಪದ್ಧತಿ ಕಾವೇರಿಯಲ್ಲೂ ಬೇರೂರಿತು. ಕೊಡಗಿನ ವಾಲ್ನೂರಿನಲ್ಲಿ ವೈಲ್ಡ್‌ಲೈಫ್ ಸೊಸೈಟಿಯವರು ಹೊಳೆಯ ಒಂದು ಭಾಗವನ್ನು ಕಾಯುವ ಕೆಲಸಕ್ಕಿಳಿದರು. ಕೆಳಗೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಶಿಬಿರಗಳು ನಡೆದವು. ಗಾಲಿಬೋರೆಯಲ್ಲಿ ಸಿಕ್ಕ ಮೀನುಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದು 2012ರ ಹೊತ್ತಿಗೆ ನಿಂತಿತು. ಆದರೆ ಪುಸ್ತಕಗಳು ಉಳಿದವು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಕೂತು ಪರೀಕ್ಷಿಸಿದರು.

ಮೇಲ್ನೋಟಕ್ಕೆ ಸಂತೋಷದ ಸುದ್ದಿ: ಸಿಗುವ ಮೀನುಗಳ ಸಂಖ್ಯೆ ಏರುತ್ತ ಹೋಗಿತ್ತು. ಆದರೆ ಸರಾಸರಿ ತೂಕ ಇಳಿಯುತ್ತ ಬಂದಿತ್ತು. ಇನ್ನೂ ಹತ್ತಿರದಿಂದ ನೋಡಿದಾಗ ಕಂಡದ್ದು ಬೇರೆಯೇ ಕಥೆ. ಹೊಳೆಯಲ್ಲಿ ಇದ್ದದ್ದು ಒಂದಲ್ಲ, ಎರಡು ಬಗೆಯ ಮಹಶೀರ್. ಒಂದು ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ, ಕಾವೇರಿಯದೇ ಆದ ಮೀನು. ಇನ್ನೊಂದು ನೀಲಿ ರೆಕ್ಕೆಯದು. ಮೂಲತಃ ಕೃಷ್ಣಾ ಕಣಿವೆಯದು. ಲೋನಾವಳದಲ್ಲಿ ಮರಿ ಮಾಡಿಸಿ, ಮೀನಿನ ಸಂಪತ್ತು ಹೆಚ್ಚಲೆಂದು ಒಳ್ಳೆಯ ಉದ್ದೇಶದಿಂದಲೇ 1970ರ ದಶಕದಿಂದೀಚೆಗೆ ಅದನ್ನು ಬೇರೆ ಹೊಳೆಗಳಿಗೆ ಬಿಟ್ಟಿದ್ದರು. ಏರಿದ್ದು ಈ ಅತಿಥಿಯ ಸಂಖ್ಯೆ. ಮನೆಯವನು ಸದ್ದಿಲ್ಲದೆ ಮರೆಯಾಗುತ್ತಿದ್ದ.

ಬಿವಾ ಸರೋವರದ ಕಥೆಯೂ ಇದೇ. ದಾಖಲೆ ಬಾಸ್ ಸಿಕ್ಕ ಆ ಸರೋವರಕ್ಕೆ ಬಾಸ್ ಹೊರಗಿನಿಂದ ಬಂದ ಮೀನು. ಜಪಾನಿನಲ್ಲಿ 2005ರಲ್ಲಿ ಜಾರಿಗೆ ಬಂದ ಕಾನೂನು ಅದನ್ನು ಅಪಾಯಕಾರಿ ಪರಕೀಯ ಜೀವಿಗಳ ಪಟ್ಟಿಗೆ ಸೇರಿಸಿದೆ.

ನಮ್ಮ ಉಬ್ಬುಬೆನ್ನಿನ ಮಹಶೀರ್‌ಗೆ ಖಚಿತವಾದ ವೈಜ್ಞಾನಿಕ ಗುರುತು ಸಿಕ್ಕಿದ್ದು 2018ರಲ್ಲಿ: ಟೋರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಗುರುತಿನ ಚೀಟಿ ಕೈಗೆ ಬರುವಷ್ಟರಲ್ಲಿ ರೋಗಿ ಆಸ್ಪತ್ರೆ ಸೇರಿದಂತಾಯಿತು.

ಈಗ ಮೂರನೆಯ ಪ್ರಶ್ನೆ: ಇದರಲ್ಲಿ ನಮ್ಮ ಪಾಲೇನು? ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಇವೆಲ್ಲ ಇವೆ. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾನೂನೇ ಅಪರಾಧವೆಂದಿದೆ. ಸಿಡಿಮದ್ದು ದೊಡ್ಡದು, ಚಿಕ್ಕದು ಎಂದು ನೋಡುವುದಿಲ್ಲ, ಮರಿಗಳೂ ಉಳಿಯುವುದಿಲ್ಲ. ಆದರೆ ತೋಟದ ಹೆತ್ತವರಿಗೆ ನಾನು ಹೇಳಬೇಕಾದ ಮಾತು ಇನ್ನೊಂದಿದೆ. ಅದು ಕಾಫಿ ಪಲ್ಪಿಂಗ್ ನೀರಿನದು.

ಹಣ್ಣಿನ ಲೋಳೆಯಲ್ಲಿ ಸಕ್ಕರೆ ಇದೆ. ಅದು ತೋಡಿಗೆ ಸೇರಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಸಕ್ಕರೆ ತಿನ್ನುತ್ತ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸುತ್ತವೆ. 20 ಡಿಗ್ರಿಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಬಲ್ಲ ಆಮ್ಲಜನಕ ಸುಮಾರು 9 ಮಿಲಿಗ್ರಾಂ ಮಾತ್ರ. ಮೀನಿನ ಉಸಿರು ನಿಂತಿರುವುದು ಇಷ್ಟರ ಮೇಲೆ. ಕೊಯ್ಲಿನ ಕಾಲದಲ್ಲಿ ಹರಿವೂ ಕಡಿಮೆ. ಕೊಳೆಯನ್ನು ತೆಳುವಾಗಿಸುವ ನೀರಿಲ್ಲ. ಪಲ್ಪಿಂಗ್ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ, ಶುದ್ಧಗೊಳಿಸುವ ವ್ಯವಸ್ಥೆ ಇಲ್ಲದ ತೋಟ ತನ್ನ ತೋಡಿನ ಮೀನಿಗೆ ಉಸಿರು ಕಟ್ಟಿಸುತ್ತದೆ.

ವಿದ್ಯಾರ್ಥಿಗಳೇ, ನಂಬಬೇಡಿ, ಪರೀಕ್ಷಿಸಿ. ಮುಚ್ಚಳವಿರುವ ಎರಡು ಗಾಜಿನ ಸೀಸೆಗಳನ್ನು ತೋಡಿನ ನೀರಿನಿಂದ ಪೂರ್ತಿ ತುಂಬಿಸಿ. ಒಂದಕ್ಕೆ ಎರಡು ಚಮಚ ಪಲ್ಪಿಂಗ್ ನೀರು ಬೆರೆಸಿ. ಶಾಲೆಯ ಪ್ರಯೋಗಾಲಯದಿಂದ ಮೆಥಿಲೀನ್ ಬ್ಲೂ ದ್ರಾವಣ ಪಡೆದು ಎರಡಕ್ಕೂ ಸಮನಾಗಿ ಒಂದೆರಡು ಹನಿ ಹಾಕಿ, ಗಾಳಿ ಉಳಿಯದಂತೆ ಮುಚ್ಚಿ, ಬಿಸಿಲು ತಾಗದ ಕಡೆ ಇಡಿ. ಆಮ್ಲಜನಕ ಮುಗಿದ ಸೀಸೆಯ ನೀಲಿ ಬಣ್ಣ ಮಾಯವಾಗುತ್ತದೆ. ಯಾವುದು ಮೊದಲು, ಎಷ್ಟು ಗಂಟೆಗೆ ಎಂಬುದನ್ನು ತಾರೀಖು ಸಹಿತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಾಳದವರು ಬರೆದಿಟ್ಟದ್ದರಿಂದಲೇ ಬಿಳಿಮೀನಿನ ಕಷ್ಟ ಲೋಕಕ್ಕೆ ತಿಳಿಯಿತು. ನಿಮ್ಮ ತೋಡಿನ ಕಷ್ಟವೂ ನಿಮ್ಮ ಪುಸ್ತಕದಿಂದಲೇ ತಿಳಿಯಬೇಕು. ಬರೆದದ್ದನ್ನು ಮೊದಲು ಮನೆಯಲ್ಲಿ ಅಪ್ಪನಿಗೆ ತೋರಿಸಿ.